ಸ್ಕಾಟ್ಲೆಂಡಿನ ರಾಜರಿಗೆಲ್ಲ ಒಂದೇ ಮೂಗು ಯಾಕೆ?

ಲೀತ್ ಸೊಸೆ

ನಮಸ್ಕಾರ. ನಾವಿರುವುದು ಎಡಿನ್‌ಬರ್ಗ್‌ನಲ್ಲಿ. ಹೋದ ವಾರ ಅತ್ತೆ ಮಾವನನ್ನು ಹೋಲಿರೂಡ್ ಅರಮನೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಗ್ರೇಟ್ ಗ್ಯಾಲರಿ ಅಂತ ಒಂದು ಉದ್ದನೆಯ ಹಜಾರ ಇದೆ. ಗೋಡೆ ತುಂಬ ಸ್ಕಾಟ್ಲೆಂಡಿನ ರಾಜರ ಚಿತ್ರಗಳು. ಮಾವ ಒಂದೊಂದೇ ಹೆಸರು ಓದುತ್ತಾ ಹಿಂದೆ ಉಳಿದರು. ಅತ್ತೆ ಸರಸರ ನಡೆದು ಆ ತುದಿಗೆ ಹೋಗಿ ನಿಂತು ಜೋರಾಗಿ ಕೇಳಿದರು: "ಅಲ್ವೇ, ಇವರಿಗೆಲ್ಲ ಒಂದೇ ಮೂಗಲ್ಲ! ಒಂದೇ ಮನೆಯವರಾ?"

ಅಲ್ಲಿದ್ದ ಕಾವಲಿನವರಿಗೆ ಕನ್ನಡ ಬರದಿದ್ದರೂ ಅತ್ತೆ ಮೂಗು ಮುಟ್ಟಿ ತೋರಿಸಿದ್ದು ನೋಡಿ ನಕ್ಕರು. ಅವರಿಗೆ ಈ ಪ್ರಶ್ನೆ ಹೊಸದಲ್ಲ ಅಂತ ಕಾಣುತ್ತೆ.

ಮನೆಗೆ ಬಂದಮೇಲೆ ಇನ್ನೊಂದು ತಲೆನೋವು. ಮಗನಿಗೆ ಶಾಲೆಯಲ್ಲಿ ರಾಬರ್ಟ್ ದ ಬ್ರೂಸ್ ಎಂಬ ಹಳೇ ಸ್ಕಾಟ್ ರಾಜನ ಬಗ್ಗೆ ಒಂದು ಹಾಳೆ ಬರೆದು ಚಿತ್ರ ಅಂಟಿಸಲು ಹೇಳಿದ್ದಾರೆ. ಹುಡುಕಿದರೆ ಐದು ಬ್ರೂಸ್ ಸಿಕ್ಕಿದರು. ಐವರೂ ಬೇರೆ ಬೇರೆ ಮನುಷ್ಯರು! ಒಬ್ಬನಿಗೆ ಕೆಂಪು ಗಡ್ಡ, ಒಬ್ಬನಿಗೆ ಗಡ್ಡವೇ ಇಲ್ಲ. ಇದರಲ್ಲಿ ನಿಜವಾದವನು ಯಾರು? ಒಟ್ಟಿನಲ್ಲಿ ಮಧ್ಯಯುಗದ ಈ ರಾಜರ ಮುಖ ಯಾರಿಗಾದರೂ ಗೊತ್ತಿದೆಯಾ?

ಹಳೇಕಾಗದ

ಅತ್ತೆಯವರಿಗೆ ನನ್ನದೊಂದು ನಮಸ್ಕಾರ ತಿಳಿಸಿ. ಮುನ್ನೂರು ಚಿಲ್ಲರೆ ವರ್ಷದಿಂದ ಜನ ಅದೇ ಮಾತು ಹೇಳಿಕೊಂಡು ನಗುತ್ತಿದ್ದಾರೆ.

ಆ ಚಿತ್ರಗಳನ್ನು ಬರೆದವನು ಯಾಕೋಬ್ ಡಿ ವೆಟ್ ಎಂಬ ಡಚ್ ಕಲಾವಿದ. 1684ರ ಫೆಬ್ರವರಿಯಲ್ಲಿ ಒಪ್ಪಂದ ಆಯಿತು. ಕೆಲಸ ಏನು ಗೊತ್ತಾ? 110 ರಾಜರ ಚಿತ್ರ, ಎರಡು ವರ್ಷದಲ್ಲಿ. ಸಂಬಳ ವರ್ಷಕ್ಕೆ 120 ಪೌಂಡ್. ಬಟ್ಟೆ, ಬಣ್ಣ ಎಲ್ಲ ಅವನದೇ ಖರ್ಚು. ಲೆಕ್ಕ ಹಾಕಿ ನೋಡಿ, ವಾರಕ್ಕೆ ಒಂದು ರಾಜನಿಗಿಂತ ಜಾಸ್ತಿ. ಅಂಥವನಿಗೆ ಒಬ್ಬೊಬ್ಬನಿಗೂ ಹೊಸ ಮೂಗು ಯೋಚಿಸಲು ಪುರುಸೊತ್ತೆಲ್ಲಿ?

ಇನ್ನೂ ಮಜಾ ಇರುವುದು ಒಪ್ಪಂದದಲ್ಲಿ. ತನಗೆ ಕೊಡುವ "ಮೂಲ"ಗಳ ಹಾಗೇ ಬರೆಯಬೇಕು ಅಂತ ಷರತ್ತು. ಸಾಲಿನ ಮೊದಲ ರಾಜ ಒಂದನೇ ಫರ್ಗಸ್. ಅವನು ಪಟ್ಟಕ್ಕೆ ಬಂದದ್ದು ಕ್ರಿಸ್ತಪೂರ್ವ 330ರಲ್ಲಂತೆ. ಅವನಿಗೆ ಮೂಲ ಎಲ್ಲಿಂದ ತರುವುದು? ಮೂಲ ಎಂದರೆ ಅದಕ್ಕೂ ಐವತ್ತು ವರ್ಷ ಹಿಂದೆ, 1633ರಲ್ಲಿ, ಒಂದನೇ ಚಾರ್ಲ್ಸ್ ಎಡಿನ್‌ಬರ್ಗ್‌ಗೆ ಬಂದಾಗ ಬೀದಿ ಅಲಂಕಾರಕ್ಕೆ ಅಂತ ಜಾರ್ಜ್ ಜೇಮ್ಸನ್ ಬರೆದಿದ್ದ ರಾಜರ ಸಾಲು. ಅಂದರೆ ಊಹೆಯ ಮೇಲೆ ಊಹೆ.

ಆ ಸಾಲಿನ ಮೊದಲ ನಲವತ್ತು ಚಿಲ್ಲರೆ ರಾಜರು ಹುಟ್ಟೇ ಇಲ್ಲ. 1527ರಲ್ಲಿ ಹೆಕ್ಟರ್ ಬೋಯಿಸ್ ಬರೆದ ಇತಿಹಾಸದಿಂದ ಅವರಿಗೆಲ್ಲ ಹೆಸರು, ಕಥೆ, ಸಾವು ಸಿಕ್ಕಿತು. ಆದರೆ ಪಟ್ಟಿಯ ಹುಚ್ಚು ಅದಕ್ಕಿಂತ ಹಳೆಯದು. 1320ರಲ್ಲಿ ಸ್ಕಾಟ್ ಸರದಾರರು ಪೋಪ್‌ಗೆ ಬರೆದ ಪತ್ರದಲ್ಲೇ, ನಮ್ಮಲ್ಲಿ ನಮ್ಮದೇ ವಂಶದ 113 ರಾಜರು ಆಳಿದ್ದಾರೆ, ಪರದೇಶದವನು ಒಬ್ಬನೂ ನಡುವೆ ಬಂದಿಲ್ಲ ಅಂತ ಇದೆ. ಇಂಗ್ಲೆಂಡ್ ದೊರೆ ನಾನೇ ನಿಮ್ಮ ಒಡೆಯ ಎನ್ನುತ್ತಿದ್ದ ಕಾಲ. ಉದ್ದದ ಪಟ್ಟಿ ಇದ್ದವನ ಮಾತಿಗೆ ತೂಕ.

ಸಂಶಯಪಿಶಾಚಿ

ಅಂದರೆ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಸುಳ್ಳು ನೋಡಿ ಬಂದರು ಅಂತಾಯಿತು. ಸರಳವಾಗಿ ಹೇಳಿ ಬಿಡಿ.

ಹಳೇಕಾಗದ

ಅಷ್ಟು ಸರಳ ಅಲ್ಲ ಮಾರಾಯ್ರೇ. ಆ ಚಿತ್ರಗಳನ್ನು ಜನ ನಿಜವಾದ ರಾಜರ ಹಾಗೇ ನಡೆಸಿಕೊಂಡಿದ್ದಾರೆ. 1745ರಲ್ಲಿ ಚಾರ್ಲ್ಸ್ ಎಡ್ವರ್ಡ್ ಸ್ಟೂವರ್ಟ್, ಅದೇ ಬಾನಿ ಪ್ರಿನ್ಸ್ ಚಾರ್ಲಿ, ಸಿಂಹಾಸನ ನಮ್ಮ ಮನೆಯದು ಅಂತ ದಂಡು ಕಟ್ಟಿಕೊಂಡು ಬಂದು ಹೋಲಿರೂಡ್‌ನಲ್ಲೇ ದರ್ಬಾರು ಮಾಡಿದ. ಮುಂದಿನ ಜನವರಿಯಲ್ಲಿ ಫಾಲ್ಕರ್ಕ್ ಹತ್ತಿರ ಸರ್ಕಾರದ ಸೈನ್ಯಕ್ಕೆ ಅವನ ಕೈಲಿ ಸರಿಯಾಗಿ ಏಟು ಬಿತ್ತು. ಸೋತು ವಾಪಸ್ ಬಂದ ಕುದುರೆ ಸವಾರರು ಅರಮನೆಯಲ್ಲಿ ತಂಗಿದರು. ಸಿಟ್ಟು ತೀರಿಸಿಕೊಳ್ಳಲು ಅವರಿಗೆ ಸಿಕ್ಕಿದ್ದು ಗೋಡೆ ಮೇಲಿನ ಸ್ಟೂವರ್ಟ್ ಪೂರ್ವಜರು. ಕತ್ತಿಯಿಂದ ಸೀಳಿ ಹಾಕಿದರು. ಆಮೇಲೆ ಹೊಲಿದು, ತೇಪೆ ಹಾಕಿ ಮತ್ತೆ ಕೂರಿಸಿದ್ದಾರೆ. ಹುಟ್ಟೇ ಇಲ್ಲದ ರಾಜನಿಗೆ ಬಿದ್ದ ಕತ್ತಿ ಏಟು ಮಾತ್ರ ನೂರಕ್ಕೆ ನೂರು ನಿಜ.

ಕುಂಚದಕಡ್ಡಿ

ನಾನು ಡ್ರಾಯಿಂಗ್ ಮೇಷ್ಟ್ರು. ಇತಿಹಾಸ ಜಾಸ್ತಿ ಗೊತ್ತಿಲ್ಲ, ಆದರೆ ಒಂದು ಚಿತ್ರದ ಬಗ್ಗೆ ಹೇಳಲೇಬೇಕು.

1159ರದು. ಕೆಲ್ಸೋ ಮಠಕ್ಕೆ ರಾಜ ನಾಲ್ಕನೇ ಮ್ಯಾಲ್ಕಮ್ ಕೊಟ್ಟ ದಾನಪತ್ರ. ಮ್ಯಾಲ್ಕಮ್ ಹೆಸರಿನ ಮೊದಲ ಅಕ್ಷರ ಎಮ್ ಅಲ್ವಾ, ಅದನ್ನು ಬಹಳ ದೊಡ್ಡದಾಗಿ, ಬಣ್ಣ ಹಾಕಿ ಬರೆದಿದ್ದಾರೆ. ಆ ಅಕ್ಷರಕ್ಕೆ ಎರಡು ಕಮಾನು. ಒಂದೊಂದು ಕಮಾನಿನಲ್ಲೂ ಒಬ್ಬ ರಾಜ ಕೂತಿದ್ದಾನೆ. ಒಂದು ಕಡೆ ಗಡ್ಡದ ಮುದುಕ. ಅವನು ಅಜ್ಜ, ಒಂದನೇ ಡೇವಿಡ್, ಮಠ ಕಟ್ಟಿಸಿದವನು. ಇನ್ನೊಂದು ಕಡೆ ಮೀಸೆ ಮೂಡದ ಹುಡುಗ. ಅವನೇ ಮ್ಯಾಲ್ಕಮ್. ಡೇವಿಡ್‌ನ ಮಗ 1152ರಲ್ಲಿ ತೀರಿಕೊಂಡ. ಮರುವರ್ಷ ಡೇವಿಡ್ ಕೂಡ ಹೋದ. 12 ವರ್ಷದ ಮೊಮ್ಮಗನ ತಲೆಗೆ ಕಿರೀಟ ಬಂತು. ಪಾಪ, 24ಕ್ಕೇ ಸತ್ತ, ಮದುವೆ ಇಲ್ಲ.

ಬರೆದವನ ಜಾಣತನ ನೋಡಿ. ಅಜ್ಜ ಕೊಟ್ಟ ಭೂಮಿಯನ್ನು ಮೊಮ್ಮಗ ಖಾಯಂ ಮಾಡುತ್ತಿದ್ದಾನೆ. ಕಾಗದದಲ್ಲಿ ಇರುವುದೂ ಅದೇ, ಚಿತ್ರದಲ್ಲಿ ಇರುವುದೂ ಅದೇ. ಸತ್ತವನು, ಬದುಕಿರುವವನು ಒಂದೇ ಅಕ್ಷರದಲ್ಲಿ ಅಕ್ಕಪಕ್ಕ ಕೂತಿದ್ದಾರೆ. ಮುಖ ಹೋಲುತ್ತದೋ ಇಲ್ಲವೋ, ಮುದುಕ ಯಾರು ಹುಡುಗ ಯಾರು ಅನ್ನುವುದರಲ್ಲಿ ಗೊಂದಲವೇ ಇಲ್ಲ. ಇದು ಈಗ ಎಡಿನ್‌ಬರ್ಗ್‌ನ ರಾಷ್ಟ್ರೀಯ ಗ್ರಂಥಾಲಯದ ವಶದಲ್ಲಿದೆ.

ಲೀತ್ ಸೊಸೆ

ಅಯ್ಯೋ, ನಾನು ಆ ಗ್ರಂಥಾಲಯದ ಮುಂದೆ ದಿನಾ ಬಸ್ಸಿನಲ್ಲಿ ಹೋಗುತ್ತೇನೆ!

ತುಂಡುಬೆಳ್ಳಿ

ಮೇಷ್ಟ್ರೇ, ಆ ಮ್ಯಾಲ್ಕಮ್ ಕತ್ತಿಯನ್ನು ತೊಡೆ ಮೇಲೆ ಅಡ್ಡ ಇಟ್ಟುಕೊಂಡಿದ್ದಾನಲ್ಲ, ಅದನ್ನು ಇನ್ನೊಂದು ಕಡೆ ನೋಡಿದ್ದೀರಾ? ಲೂಯಿಸ್ ದ್ವೀಪದಲ್ಲಿ 1831ರಲ್ಲಿ ಸಿಕ್ಕಿದ ಚದುರಂಗದ ಕಾಯಿಗಳಲ್ಲಿ. ಹೆಚ್ಚಿನವು ವಾಲ್ರಸ್ ಎಂಬ ಕಡಲ ಪ್ರಾಣಿಯ ಕೋರೆಯಲ್ಲಿ ಕೆತ್ತಿದವು, ಅದೇ 12ನೇ ಶತಮಾನದವು. ಅಲ್ಲಿನ ರಾಜರೂ ಹೀಗೇ ತೊಡೆ ಮೇಲೆ ಕತ್ತಿ ಅಡ್ಡ ಇಟ್ಟುಕೊಂಡು ಕೂತಿದ್ದಾರೆ. ಕೆತ್ತಿದ್ದು ಬಹುಶಃ ನಾರ್ವೆಯಲ್ಲಿ. ಅಂದರೆ ಆ ಭಂಗಿ ಒಬ್ಬ ರಾಜನದಲ್ಲ, "ರಾಜ" ಎಂಬ ಕೆಲಸದ್ದು.

ನಾಣ್ಯ ನನ್ನ ಹುಚ್ಚು, ಹಾಗಾಗಿ ಆ ಕಡೆಯಿಂದ ನಾಲ್ಕು ಮಾತು.

ಸ್ಕಾಟ್ಲೆಂಡಿನಲ್ಲಿ ಮೊದಲು ನಾಣ್ಯ ಹೊಡೆಸಿದವನು ಈ ಡೇವಿಡ್ ರಾಜನೇ. 1136ರಲ್ಲಿ ಕಾರ್ಲೈಲ್ ಊರು ಅವನ ಕೈಗೆ ಬಂತು. ಅದರ ಜೊತೆ ಬೆಳ್ಳಿ ಗಣಿಯೂ ಬಂತು, ಟಂಕಸಾಲೆಯೂ ಬಂತು. ಅಲ್ಲಿಂದ ಸುಮಾರು 350 ವರ್ಷ ನಾಣ್ಯದ ಮೇಲಿನ ಮುಖ ಅಂದರೆ ಒಂದು ಗುರುತು ಅಷ್ಟೇ. ಕಿರೀಟ, ಕೂದಲಿನ ಎರಡು ಸುರುಳಿ, ಮುಂದೆ ಒಂದು ರಾಜದಂಡ. ಇಂಗ್ಲೆಂಡಿನ ಪೆನ್ನಿಯಲ್ಲಿ ರಾಜ ನಮ್ಮನ್ನೇ ನೆಟ್ಟಗೆ ನೋಡುತ್ತಾನೆ. ಸ್ಕಾಟ್ ಪೆನ್ನಿಯಲ್ಲಿ ಹೆಚ್ಚಾಗಿ ಪಕ್ಕಕ್ಕೆ ತಿರುಗಿರುತ್ತಾನೆ. ಕತ್ತಲೆಯಲ್ಲಿ ಬೆರಳಾಡಿಸಿದರೂ ಯಾರದು ಅಂತ ಗೊತ್ತಾಗಬೇಕು ಅನ್ನೋ ಹಾಗೆ! (ಇದು ನನ್ನ ತಮಾಷೆ, ದಾಖಲೆ ಕೇಳಬೇಡಿ.)

ಆಮೇಲೆ 1480ರ ದಶಕದಲ್ಲಿ ಮೂರನೇ ಜೇಮ್ಸ್‌ನ ಗ್ರೋಟ್ ಎಂಬ ಒಂದು ಬೆಳ್ಳಿ ನಾಣ್ಯ ಬರುತ್ತದೆ. ನನಗೆ ಅದು ಈಗಲೂ ಆಶ್ಚರ್ಯ. ರಾಜ ಮುಕ್ಕಾಲು ತಿರುಗಿ ನಿಂತಿದ್ದಾನೆ, ಕೂದಲು ಹೆಗಲಿಗೆ ಇಳಿದಿದೆ, ಎಳೆ ಮುಖ, ಒಂಥರಾ ಬೇಸರದ ಕಣ್ಣು. ಇದು ಗುರುತಲ್ಲ, ಮನುಷ್ಯ. ಇಟಲಿ ಬಿಟ್ಟರೆ ಯೂರೋಪಿನಲ್ಲಿ ಈ ಬಗೆಯ ಮುಖಚಿತ್ರ ನಾಣ್ಯಕ್ಕೆ ಬಂದ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು.

ಸಂಶಯಪಿಶಾಚಿ

ಸರಿ, ಮೂರನೇ ಜೇಮ್ಸ್ ಒಬ್ಬ ಸಿಕ್ಕಿದ. ಆ ಹುಡುಗನ ಬ್ರೂಸ್ ಕಥೆ ಏನಾಯ್ತು? ಅವನ ಬುರುಡೆನೇ ಸಿಕ್ಕಿದೆಯಲ್ಲ, ಕಂಪ್ಯೂಟರ್‌ನಲ್ಲಿ ಮುಖ ಮಾಡಿದ್ದಾರಲ್ಲ. ಅಂದಮೇಲೆ ಚರ್ಚೆ ಏನಿದೆ?

ರಾತ್ರಿಪಾಳಿ

ನಾನು ವೃತ್ತಿಯಲ್ಲಿ ಡಾಕ್ಟರ್. ಈ ವಿಷಯ ಸ್ವಲ್ಪ ಓದಿಕೊಂಡಿದ್ದೇನೆ.

ಬ್ರೂಸ್ ಸತ್ತದ್ದು 1329ರ ಜೂನ್ 7. ದೇಹ ಡನ್‌ಫರ್ಮ್‌ಲಿನ್ ಮಠದಲ್ಲಿ ಮಣ್ಣಾಯಿತು. ಹೃದಯವನ್ನು ಮೊದಲೇ ತೆಗೆದಿದ್ದರು. ಅದನ್ನು ಧರ್ಮಯುದ್ಧಕ್ಕೆ ಒಯ್ಯಬೇಕು ಅಂತ ಅವನ ಆಸೆ. ಜೇಮ್ಸ್ ಡಗ್ಲಸ್ ಎಂಬ ಬಂಟ ಹೊತ್ತುಕೊಂಡು ಹೋದ, 1330ರಲ್ಲಿ ಸ್ಪೇನಿನ ತೇಬಾದಲ್ಲಿ ಕಾದಾಡುತ್ತಾ ಸತ್ತ. ಹೃದಯ ವಾಪಸ್ ಬಂದು ಮೆಲ್ರೋಸ್ ಮಠದಲ್ಲಿ ಮಣ್ಣಾಯಿತು. ಪ್ಯಾರಿಸ್‌ನಲ್ಲಿ ಮಾಡಿಸಿದ ಅಮೃತಶಿಲೆಯ ಗೋರಿ ಇತ್ತು. ಅದು ಪೂರ್ತಿ ಉಳಿದಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲವೇನೋ. ಈಗ ಚೂರುಗಳಷ್ಟೇ ಇವೆ.

1818ರಲ್ಲಿ ಅಲ್ಲಿ ಹೊಸ ಚರ್ಚ್ ಕಟ್ಟಲು ಅಗೆಯುವಾಗ ಒಂದು ಅಸ್ಥಿಪಂಜರ ಸಿಕ್ಕಿತು. ಎದೆಯ ಮೂಳೆಯನ್ನು ಗರಗಸದಲ್ಲಿ ಕೊಯ್ದಿತ್ತು. ಹೃದಯ ತೆಗೆದ ಗುರುತು ಅಂತ ಎಲ್ಲರೂ ಒಪ್ಪಿದರು. 1819ರಲ್ಲಿ ಮತ್ತೆ ಹೂಳುವ ಮೊದಲು ಬುರುಡೆಯ ಅಚ್ಚು ತೆಗೆದರು. ಬ್ಯಾನಕ್‌ಬರ್ನ್‌ನಲ್ಲಿ 1964ರಲ್ಲಿ ನಿಲ್ಲಿಸಿದ, ಕುದುರೆ ಏರಿದ ಬ್ರೂಸ್‌ನ ಪ್ರತಿಮೆ ಇದೆಯಲ್ಲ, ಅದರ ಮುಖ ಆ ಅಚ್ಚನ್ನು ನೋಡಿ ಮಾಡಿದ್ದು. 2016ರಲ್ಲಿ ಗ್ಲಾಸ್ಗೋ ಮತ್ತು ಲಿವರ್‌ಪೂಲ್‌ನ ವಿಶ್ವವಿದ್ಯಾಲಯಗಳವರು ಸೇರಿ ಮಾಡಿದ ಕಂಪ್ಯೂಟರ್ ಮುಖಕ್ಕೂ ಅಂಥ ಅಚ್ಚೇ ಆಧಾರ.

ಈಗ ಸಂಶಯಪಿಶಾಚಿಯವರಿಗೆ ಉತ್ತರ. ಬುರುಡೆಯಿಂದ ದವಡೆಯ ಅಗಲ ಗೊತ್ತಾಗುತ್ತದೆ, ಹುಬ್ಬಿನ ದಿಣ್ಣೆ ಗೊತ್ತಾಗುತ್ತದೆ, ಕೊರಳು ದಪ್ಪ ಇತ್ತು ಅಂತ ಅಂದಾಜು ಮಾಡಬಹುದು. ಕಣ್ಣಿನ ಬಣ್ಣ, ಕೂದಲು, ಗಡ್ಡ ಇದ್ಯಾವುದೂ ಗೊತ್ತಾಗುವುದಿಲ್ಲ. ಮೂಗಿನ ಬುಡದ ಎಲುಬು ಇರುತ್ತದೆ, ತುದಿಯದು ಬರೀ ಮೃದ್ವಸ್ಥಿ, ಕೊಳೆತು ಹೋಗಿರುತ್ತದೆ. ಅಂದರೆ ಕೊನೆಗೂ ಮೂಗು ಊಹೆಯೇ! ಕುಷ್ಠ ಇತ್ತು ಅಂತ ಅವನ ಕಾಲದಿಂದಲೂ ಒಂದು ಮಾತಿದೆ, ಅದರ ಮೇಲೆ ಇವತ್ತಿಗೂ ಜಗಳ. ಅದಕ್ಕೇ 2016ರವರು ಎರಡು ಮುಖ ಮಾಡಿದರು. ಒಂದರಲ್ಲಿ ಸ್ವಲ್ಪ ಕುಷ್ಠದ ಲಕ್ಷಣ, ಇನ್ನೊಂದರಲ್ಲಿ ಇಲ್ಲ. ಇದು ಪ್ರಾಮಾಣಿಕ ಕೆಲಸ ಅಂತ ನನ್ನ ಅಭಿಪ್ರಾಯ. ಡಿ ವೆಟ್ ಹೀಗೆ ಎರಡೆರಡು ಬರೆದಿದ್ದರೆ 220 ಆಗುತ್ತಿತ್ತು.

ಕುಂಚದಕಡ್ಡಿ

ಡಾಕ್ಟರೇ 😀

ಹಳೇಕಾಗದ

ಹುಡುಗನಿಗೆ ಸಿಕ್ಕಿದ ಐವರಲ್ಲಿ ಒಬ್ಬ ಹೆಂಡತಿಯ ಜೊತೆ ನಿಂತಿರುವವನು ಇರಬೇಕು, ಅಂಗಿಯ ಮೇಲೆಲ್ಲ ಕೆಂಪು ಸಿಂಹ. ಅದು 1562ರ ಫೋರ್ಮನ್ ಆರ್ಮೋರಿಯಲ್ ಎಂಬ ಲಾಂಛನಗಳ ಪುಸ್ತಕದ್ದು. ಬ್ರೂಸ್ ಸತ್ತು 233 ವರ್ಷ ಆದಮೇಲೆ ಬರೆದದ್ದು. ಅದನ್ನು ಮಾಡಿಸಿದವರಿಗೆ ಮುಖ ಮುಖ್ಯವೇ ಅಲ್ಲ. ಯಾವ ಅಂಗಿಯ ಮೇಲೆ ಯಾವ ಲಾಂಛನ, ಯಾವ ರಾಣಿ ಯಾವ ಮನೆಯವಳು, ಅಷ್ಟೇ ಲೆಕ್ಕ. ಅದು ಮದುವೆ ಮನೆಯ ಗೋತ್ರದ ಪಟ್ಟಿ ಇದ್ದ ಹಾಗೆ.

ಆದರೆ ಅದೇ ಪುಸ್ತಕದಲ್ಲಿ ಒಂದು ಪುಟ ಇದೆ, ಅದರ ಮುಂದೆ ನಾನು ಎಷ್ಟೋ ಹೊತ್ತು ಕೂತಿದ್ದೇನೆ (ಪರದೆಯ ಮೇಲೆ, ನನಗೆಲ್ಲಿ ಎಡಿನ್‌ಬರ್ಗ್). ಜಾನ್ ಬೇಲಿಯಲ್ ಎಂಬ ರಾಜ. 1292ರಲ್ಲಿ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ಪಂಚಾಯ್ತಿ ಮಾಡಿ ಇವನನ್ನು ಕೂರಿಸಿದ. ನಾಲ್ಕು ವರ್ಷಕ್ಕೆ ಇವನು ತಿರುಗಿ ಬಿದ್ದ, ಸೋತ. 1296ರಲ್ಲಿ ಎಲ್ಲರೆದುರು ಅವನ ಮೇಲಂಗಿಯಿಂದ ರಾಜಲಾಂಛನ ಕಿತ್ತು ಹಾಕಿದರು. ಅಂದಿನಿಂದ ಅವನಿಗೆ "ಟೂಮ್ ಟಾಬರ್ಡ್" ಅಂತ ಅಡ್ಡಹೆಸರು. ಬೋಳು ಅಂಗಿ ಅಂತ ಅರ್ಥ. ಚಿತ್ರದಲ್ಲಿ ಅವನ ಕಿರೀಟ ಮುರಿದಿದೆ, ರಾಜದಂಡ ಮುರಿದಿದೆ, ಅಂಗಿಯ ಮೇಲೆ ಏನೂ ಇಲ್ಲ. ಪುಸ್ತಕ ಪೂರ್ತಿ ಲಾಂಛನಗಳ ಜಾತ್ರೆ, ನಡುವೆ ಇವನೊಬ್ಬ ಖಾಲಿ. ಮುಖ ಬರೆಯದೆ ಒಬ್ಬ ಮನುಷ್ಯನ ಕಥೆ ಪೂರ್ತಿ ಹೇಳಿದ್ದಾರೆ.

ತೀರ್ಥಳ್ಳಿಯವ

ಮ್ಯಾಕ್‌ಬೆತ್‌ನ ಚಿತ್ರ ಇದೆಯಾ? ಪಿಯುಸಿಯಲ್ಲಿದ್ದಾಗ ಶೇಕ್ಸ್‌ಪಿಯರ್ ನಾಟಕದ ಡಿವಿಜಿಯವರ ಅನುವಾದ ಓದಿ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ.

ಹಳೇಕಾಗದ

ಹೋಲಿರೂಡ್ ಸಾಲಿನಲ್ಲಿ ಅವನೂ ಇದ್ದಾನೆ, ಅದೇ ಮೂಗಿನೊಂದಿಗೆ. 1577ರಲ್ಲಿ ಲಂಡನ್‌ನಲ್ಲಿ ಅಚ್ಚಾದ ಹಾಲಿನ್‌ಶೆಡ್‌ನ ಇತಿಹಾಸದಲ್ಲಿ ಮರದ ಅಚ್ಚಿನ ಒಂದು ಚಿತ್ರ ಇದೆ. ಮ್ಯಾಕ್‌ಬೆತ್, ಅವನ ಜೊತೆಗಾರ ಬ್ಯಾಂಕೋ ಕುದುರೆ ಮೇಲೆ ಬರುತ್ತಾರೆ, ಮೂವರು ಹೆಂಗಸರು ಎದುರಾಗುತ್ತಾರೆ. ಮಾಟಗಾತಿಯರು ಅಂದುಕೊಂಡು ನೋಡಿದರೆ ಒಳ್ಳೆ ಸೀಮಂತಕ್ಕೆ ಹೊರಟ ಗೃಹಿಣಿಯರ ಹಾಗೆ ಚೆಂದದ ಬಟ್ಟೆ ಹಾಕಿಕೊಂಡಿದ್ದಾರೆ. ಎಲ್ಲ ಆ ಕಾಲದ ಇಂಗ್ಲೆಂಡಿನ ಉಡುಪು.

ನಿಜವಾದ ಮ್ಯಾಕ್‌ಬೆತ್ 1040ರಿಂದ 1057ರವರೆಗೆ, 17 ವರ್ಷ ಆಳಿದ. ನಾಟಕದಲ್ಲಿ ಅವನು ಮಲಗಿದ್ದಲ್ಲೇ ಕೊಲ್ಲುವ ರಾಜ ಡಂಕನ್ ನಿಜವಾಗಿ ಸತ್ತದ್ದು ಹಾಸಿಗೆಯಲ್ಲಲ್ಲ, ಎಲ್ಗಿನ್ ಹತ್ತಿರ ಕಾಳಗದಲ್ಲಿ. 1050ರಲ್ಲಿ ಮ್ಯಾಕ್‌ಬೆತ್ ರೋಮ್ ಯಾತ್ರೆ ಮಾಡಿ ಬಡವರಿಗೆ ದುಡ್ಡು ಚೆಲ್ಲಿದ ಅಂತ ದಾಖಲೆ ಇದೆ. ರಾಜ್ಯ ಬಿಟ್ಟು ಅಷ್ಟು ದೂರ ಹೋಗಿ ಬರಬೇಕಾದರೆ ಮನೆಯಲ್ಲಿ ಶಾಂತಿ ಇದ್ದಿರಬೇಕು. ಅವನ ಕಾಲದ ಚಿತ್ರ ಒಂದೂ ಇಲ್ಲ.

ತುಂಗಾತೀರ

ಬರೀ ಓದುತ್ತಾ ಇದ್ದೆ. ಶಿವಮೊಗ್ಗದವನಾಗಿ ಒಂದು ವಿಷಯ ಹೇಳದೇ ಇರಲಾರೆ.

ಎಡಿನ್‌ಬರ್ಗ್‌ನ ರಾಷ್ಟ್ರೀಯ ಕಲಾಗ್ಯಾಲರಿಯಲ್ಲಿ ಒಂದು ಗೋಡೆಯಷ್ಟು ದೊಡ್ಡ ಚಿತ್ರ ಇದೆ. ಸುಮಾರು 12 ಅಡಿ ಎತ್ತರ, 17 ಅಡಿ ಅಗಲ. 1786ರಲ್ಲಿ ಬೆಂಜಮಿನ್ ವೆಸ್ಟ್ ಬರೆದದ್ದು. ಬೇಟೆಗೆ ಹೋದ ಮೂರನೇ ಅಲೆಕ್ಸಾಂಡರ್ ರಾಜ ಕುದುರೆಯಿಂದ ಬಿದ್ದಿದ್ದಾನೆ. ಕೊಂಬಿನ ಗಂಡು ಜಿಂಕೆ ಮೈಮೇಲೆ ಬರುತ್ತಿದೆ. ಕಾಲಿನ್ ಫಿಟ್ಸ್‌ಜೆರಾಲ್ಡ್ ಎಂಬ ವೀರ ಈಟಿ ಎತ್ತಿ ಅದನ್ನು ತಡೆಯುತ್ತಿದ್ದಾನೆ. ಮೆಕೆಂಜಿ ಮನೆತನದವರು ಈ ಕಾಲಿನ್ ನಮ್ಮ ಮೂಲಪುರುಷ, ಅದಕ್ಕೇ ನಮ್ಮ ಲಾಂಛನದಲ್ಲಿ ಜಿಂಕೆ ತಲೆ ಇದೆ ಎನ್ನುತ್ತಿದ್ದರು. ಇತಿಹಾಸಕಾರರು ಕಾಲಿನ್ ಬರೀ ದಂತಕಥೆ ಎನ್ನುತ್ತಾರೆ. ಈ ಚಿತ್ರ ಬರೆಸಿದ್ದೂ ಆ ಮನೆತನದ ಯಜಮಾನ ಫ್ರಾನ್ಸಿಸ್ ಮೆಕೆಂಜಿ.

ಅವನು ಯಜಮಾನ ಆದದ್ದು ಹೇಗೆ? ಅಣ್ಣ ಥಾಮಸ್ ಸತ್ತದ್ದರಿಂದ. ಆ ಅಣ್ಣ ಕರ್ನಲ್ ಆಗಿ ಮಲಬಾರಿನಲ್ಲಿ ಹೈದರನ ದಂಡಿನ ವಿರುದ್ಧ ಕಾದಾಡಿದವನು. ಆಮೇಲೆ ಜನರಲ್ ಮ್ಯಾಥ್ಯೂಸ್‌ನ ಸೈನ್ಯದ ಜೊತೆ ನಮ್ಮ ಬಿದನೂರಿನ (ಈಗ ನಗರ ಎನ್ನುವ ಊರು) ದಂಡಯಾತ್ರೆಯಲ್ಲಿದ್ದ. ಮ್ಯಾಥ್ಯೂಸ್ ಮೇಲೆ ದೂರು ಹೇಳಲು ಬೊಂಬಾಯಿಗೆ ಹೋದ. ವಾಪಸ್ ಬರುವಾಗ, 1783ರ ಏಪ್ರಿಲ್‌ನಲ್ಲಿ, ಮರಾಠರ ಹಡಗುಗಳು ಮುತ್ತಿದವು. ಗುಂಡು ಬಿದ್ದು ಘೇರಿಯಾದಲ್ಲಿ, ಅಂದರೆ ಈಗಿನ ವಿಜಯದುರ್ಗದಲ್ಲಿ, ತೀರಿಕೊಂಡ. ಮೂರೇ ವರ್ಷಕ್ಕೆ ತಮ್ಮ ಈ ದೊಡ್ಡ ಚಿತ್ರ ಬರೆಸಿದ. ನಗರದ ಕೋಟೆಗೆ ಹೋದಾಗಲೆಲ್ಲ ನನಗೆ ಆ ಜಿಂಕೆ ನೆನಪಾಗುತ್ತದೆ, ಏನು ಮಾಡಲಿ.

ಸಂಶಯಪಿಶಾಚಿ

ಇದು ಚೆನ್ನಾಗಿದೆ. ಒಪ್ಪಿದೆ. ಅಲೆಕ್ಸಾಂಡರ್ ನಿಜವಾಗಿ ಸತ್ತದ್ದೂ ಕುದುರೆಯಿಂದ ಬಿದ್ದೇ ಅಲ್ವಾ?

ತುಂಗಾತೀರ

ಹೌದು, 1286ರ ಮಾರ್ಚ್ 19, ಕಿಂಗ್‌ಹಾರ್ನ್ ಹತ್ತಿರ. ಬಿರುಗಾಳಿಯ ರಾತ್ರಿ, ಬೇಡ ಅಂದರೂ ಕೇಳದೆ ಹೊಸ ಹೆಂಡತಿಯನ್ನು ನೋಡಲು ಹೊರಟಿದ್ದ. ಅಲ್ಲಿ ಕಾಲಿನ್ ಇರಲಿಲ್ಲ.

ಕುಂಚದಕಡ್ಡಿ

ನಿಜವಾದ ಮುಖ ಬೇಕು ಅನ್ನುವವರಿಗೆ ನನ್ನ ಆಯ್ಕೆ ಎರಡನೇ ಜೇಮ್ಸ್. ಅವನ ಮುಖದ ಒಂದು ಕಡೆ ದೊಡ್ಡ ಕೆಂಪು ಮಚ್ಚೆ ಇತ್ತು, ಹುಟ್ಟಿನಿಂದ ಬಂದದ್ದು. ಜನ "ಬೆಂಕಿಮುಖದ ಜೇಮ್ಸ್" ಅಂತಲೇ ಕರೆಯುತ್ತಿದ್ದರು. 1458ರ ಆಸುಪಾಸಿನಲ್ಲಿ ಯೋರ್ಗ್ ಫಾನ್ ಎಹಿಂಗನ್ ಎಂಬ ಜರ್ಮನ್ ಸರದಾರ ಅವನ ಆಸ್ಥಾನಕ್ಕೆ ಬಂದಿದ್ದ. ಊರೂರು ಸುತ್ತಿ ಕಂಡ ರಾಜರ ಚಿತ್ರಗಳು ಅವನ ಪ್ರವಾಸದ ಹಸ್ತಪ್ರತಿಯಲ್ಲಿವೆ. ಅದು ಈಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದೆ. ಅದರಲ್ಲಿ ಜೇಮ್ಸ್ ನಿಂತಿದ್ದಾನೆ, ಮಚ್ಚೆ ಸಮೇತ.

ಇದು ಯಾಕೆ ಮುಖ್ಯ ಅಂದರೆ, ಸಂಬಳ ಕೊಡುವ ರಾಜನ ಮಚ್ಚೆಯನ್ನು ಆಸ್ಥಾನದ ಕಲಾವಿದ ಬರೆಯುವ ಧೈರ್ಯ ಮಾಡುವುದು ಕಷ್ಟ. ಎಹಿಂಗನ್‌ಗೆ ಆ ಹಂಗಿಲ್ಲ, ಅವನು ಹೊರಗಿನವನು. ಕಂಡದ್ದು ಬರೆಸಿದ. ನಾನು ಮಕ್ಕಳಿಗೆ ಹೇಳುವುದೂ ಅದೇ, ಮುಖ ಬರೆಯುವಾಗ ಮೊದಲು ಕಲೆ, ಮಚ್ಚೆ ಹುಡುಕಿ ಅಂತ. ಪಾಪ ಜೇಮ್ಸ್ 1460ರಲ್ಲಿ ರಾಕ್ಸ್‌ಬರ್ಗ್ ಕೋಟೆ ಮುತ್ತಿಗೆಯಲ್ಲಿ ತನ್ನದೇ ಫಿರಂಗಿ ಸಿಡಿದು ಸತ್ತ. ಮೂವತ್ತು ತುಂಬಿರಲಿಲ್ಲ.

ತುಂಡುಬೆಳ್ಳಿ

ಹೊರಗಿನವರೆಲ್ಲ ನಿಜ ಬರೆಯುತ್ತಾರೆ ಅಂತ ಅಂದುಕೊಳ್ಳಬೇಡಿ ಮೇಷ್ಟ್ರೇ. ಇಟಲಿಯ ಸಿಯೆನಾ ಊರಿನ ದೊಡ್ಡ ಚರ್ಚಿನಲ್ಲಿ ಒಂದು ಗೋಡೆಚಿತ್ರ ಇದೆ, ಪಿಂತುರಿಕ್ಕಿಯೋ 1500ರ ನಂತರದ ವರ್ಷಗಳಲ್ಲಿ ಬರೆದದ್ದು. ಎರಡನೇ ಪಯಸ್ ಎಂಬ ಪೋಪ್ ತರುಣನಾಗಿದ್ದಾಗ ಸ್ಕಾಟ್ಲೆಂಡಿಗೆ ದೂತನಾಗಿ ಹೋಗಿ ಒಂದನೇ ಜೇಮ್ಸ್‌ನನ್ನು ಕಂಡ ಪ್ರಸಂಗ. ಚಿತ್ರದಲ್ಲಿ ಜೇಮ್ಸ್ ಬಿಳಿ ಗಡ್ಡದ ತಾತ. ಹಿಂದೆ ಹಸಿರು ಗುಡ್ಡ, ನೀರು, ಚೆಂದದ ಬಿಸಿಲು.

ಅವನು ಹೋದದ್ದು 1435ರಲ್ಲಿ. ಜೇಮ್ಸ್‌ಗೆ ಆಗ 41 ವರ್ಷ! ಮತ್ತೆ ಆ ಬಿಸಿಲು? ಅದು ಗಡಗಡ ನಡುಗುವ ಚಳಿಗಾಲ. ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಬದುಕಿದ್ದಕ್ಕೆ ಹರಕೆ ತೀರಿಸಲು ಆ ದೂತ ವೈಟ್‌ಕರ್ಕ್ ಎಂಬ ಊರಿನ ಚರ್ಚಿನವರೆಗೆ ಹಿಮದಲ್ಲಿ ಬರಿಗಾಲಲ್ಲಿ ನಡೆದ. ಅಲ್ಲಿ ಹಿಡಿದ ಕಾಲುನೋವು ಸಾಯುವವರೆಗೂ ಬಿಡಲಿಲ್ಲ. ಚರ್ಚಿನ ಬಾಗಿಲಲ್ಲಿ ಭಿಕ್ಷುಕರಿಗೆ ಕಲ್ಲು ಕೊಟ್ಟರೆ ಖುಷಿಯಾಗಿ ಹೋಗುತ್ತಿದ್ದರು ಅಂತ ಬೆರಗಾಗಿ ಬರೆದಿದ್ದಾನೆ. ಆ ಕಲ್ಲು ಉರಿಯುವ ಕಲ್ಲಿದ್ದಲು. ಇದ್ಯಾವುದೂ ಗೋಡೆ ಮೇಲಿಲ್ಲ. ಚಿತ್ರ ಬರೆಸಿದ್ದು ಪೋಪ್‌ನ ಅಕ್ಕತಂಗಿಯ ಮಗ. ಅವರಿಗೆ ಬೇಕಿದ್ದದ್ದು ಮಾವನ ದೊಡ್ಡಸ್ತಿಕೆ, ಜೇಮ್ಸ್ ಎಂಥವನು ಅನ್ನೋದು ಯಾರಿಗೆ ಬೇಕು?

ರಾತ್ರಿಪಾಳಿ

ಬರಿಗಾಲಲ್ಲಿ ಹಿಮದಲ್ಲಿ ನಡೆದರೆ ಇನ್ನೇನಾಗುತ್ತೆ!

ಹಳೇಕಾಗದ

ಲೀತ್ ಸೊಸೆಯವರೇ, ನೀವು ವೇವರ್ಲಿ ಸ್ಟೇಷನ್‌ನಲ್ಲಿ ರೈಲು ಹತ್ತುತ್ತೀರಲ್ಲ, ಆ ಜಾಗದಲ್ಲಿ ಮೊದಲು ಟ್ರಿನಿಟಿ ಕಾಲೇಜ್ ಎಂಬ ಚರ್ಚ್ ಇತ್ತು. ಬೆಂಕಿಮುಖದ ಜೇಮ್ಸ್‌ನ ರಾಣಿ ಮೇರಿ ಕಟ್ಟಿಸಿದ್ದು. 1848ರಲ್ಲಿ ರೈಲಿಗಾಗಿ ಕೆಡವಿದರು. ಕಲ್ಲಿಗೆಲ್ಲ ನಂಬರ್ ಹಾಕಿ ಗುಡ್ಡದ ಮೇಲೆ ಪೇರಿಸಿಟ್ಟರು, ಮತ್ತೆ ಕಟ್ಟುವಷ್ಟರಲ್ಲಿ ಬಹಳಷ್ಟು ಕಲ್ಲು ಕಳುವಾಗಿದ್ದವು. ಉಳಿದದ್ದರಲ್ಲಿ ಒಂದು ಭಾಗ ಮಾತ್ರ ಎದ್ದು ನಿಂತಿದೆ, ಹೈ ಸ್ಟ್ರೀಟ್ ಪಕ್ಕದ ಸಂದಿಯಲ್ಲಿ.

ಆ ಚರ್ಚಿಗೆಂದು 1478ರ ಹೊತ್ತಿಗೆ ಹ್ಯೂಗೋ ವಾನ್ ಡರ್ ಗೂಸ್ ಎಂಬ ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ ಕಡೆಯ) ಕಲಾವಿದ ಬರೆದ ಫಲಕಗಳು ಉಳಿದಿವೆ. ಒಂದರಲ್ಲಿ ಮೂರನೇ ಜೇಮ್ಸ್ ಮಂಡಿಯೂರಿದ್ದಾನೆ, ಹಿಂದೆ ಮಗ. ಇನ್ನೊಂದರಲ್ಲಿ ರಾಣಿ ಮಾರ್ಗರೆಟ್. ಡೆನ್ಮಾರ್ಕಿನವಳು. ಅವಳ ವರದಕ್ಷಿಣೆ ದುಡ್ಡು ಹೊಂದಿಸಲಾಗದೆ ಅವಳಪ್ಪ ಆರ್ಕ್ನಿ, ಶೆಟ್ಲೆಂಡ್ ದ್ವೀಪಗಳನ್ನೇ ಒತ್ತೆ ಇಟ್ಟ, ಬಿಡಿಸಿಕೊಳ್ಳಲೇ ಇಲ್ಲ.

ಒಂದು ಫಲಕದ ಹಿಂಬದಿಯಲ್ಲಿ ಆ ಚರ್ಚಿನ ಮುಖ್ಯಸ್ಥ ಎಡ್ವರ್ಡ್ ಬಾಂಕಿಲ್ ಇದ್ದಾನೆ. ಅವನ ಮುಖ ಎಷ್ಟು ಜೀವಂತ ಅಂದರೆ, ಈಗ ತಿರುಗಿ ಮಾತಾಡಿಸುತ್ತಾನೆ ಅನ್ನಿಸುತ್ತದೆ. ಅವನು ಕಲಾವಿದನ ಎದುರೇ ಕೂತಿದ್ದ ಅಂತ ಕಾಣುತ್ತದೆ. ರಾಜನ ಮುಖ ಹಾಗಿಲ್ಲ, ಸ್ವಲ್ಪ ಪೇಲವ. ಅದು ಬೇರೆಯವರ ಕೈಕೆಲಸ ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. ದೂರದ ಫ್ಲಾಂಡರ್ಸ್‌ನಲ್ಲಿ ಕೂತವನ ಮುಂದೆ ರಾಜ ಬಂದು ಕೂರುತ್ತಾನಾ? ರಾಜನ ಚಿತ್ರ ಅಂತ ಹುಡುಕಿಕೊಂಡು ಹೋದರೆ ಅಲ್ಲಿ ನಿಜವಾಗಿ ಸಿಗುವುದು ಪಾದ್ರಿ!

ತುಂಡುಬೆಳ್ಳಿಯವರ ಗ್ರೋಟ್ ನಾಣ್ಯವನ್ನು ಈ ಫಲಕದ ಪಕ್ಕ ಇಟ್ಟು ನೋಡಿ. ಅದೇ ಉದ್ದ ಕೂದಲು. ಎರಡೂ ಒಂದೇ ಮನುಷ್ಯನ ಕಡೆಗೆ ಕೈ ತೋರಿಸುತ್ತಿವೆ ಅಂತ ನನಗನ್ನಿಸುತ್ತದೆ. ನೀವು ವೆಸ್ಟ್‌ನ ಜಿಂಕೆ ನೋಡಲು ಹೋದಾಗ ಅದೇ ಕಟ್ಟಡದಲ್ಲಿ ಈ ಫಲಕಗಳನ್ನೂ ಹುಡುಕಿ. ಪ್ರವೇಶ ಉಚಿತ, ಅತ್ತೆಯವರಿಗೆ ಇದನ್ನು ಮೊದಲೇ ಹೇಳಿ.

ಸಂಶಯಪಿಶಾಚಿ

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಾನು ಸುಳ್ಳು ಚಿತ್ರ, ನಿಜ ಚಿತ್ರ ಅಂತ ಎರಡು ಡಬ್ಬಿ ಇಟ್ಟುಕೊಂಡು ಬಂದಿದ್ದೆ. ಬೋಳು ಅಂಗಿಯವನನ್ನು ಯಾವ ಡಬ್ಬಿಗೆ ಹಾಕಬೇಕೋ ಗೊತ್ತಾಗುತ್ತಿಲ್ಲ. ಆದರೂ ಡಿ ವೆಟ್‌ಗೆ 110 ಚಿತ್ರಕ್ಕೆ ವರ್ಷಕ್ಕೆ 120 ಪೌಂಡ್ ಜಾಸ್ತಿಯಾಯಿತು ಅಂತಲೇ ನನ್ನ ವಾದ.

ಕುಂಚದಕಡ್ಡಿ

ಬಣ್ಣದ ಖರ್ಚು ಅವನದೇ ಅಂದರಲ್ಲ! ಚಿತ್ರಕ್ಕೆ ಎರಡು ಪೌಂಡ್ ಚಿಲ್ಲರೆ ಬಿತ್ತು. ಆ ದುಡ್ಡಿಗೆ ಮೂಗು ಬಂದದ್ದೇ ಪುಣ್ಯ.

ಲೀತ್ ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗನಿಗೆ ಪೂರ್ತಿ ಓದಿ ಹೇಳಿದೆ. ಅವನಿಗೆ ಇಷ್ಟವಾದದ್ದು ಬುರುಡೆ ಮತ್ತು ಫಿರಂಗಿ, ಇನ್ನೇನು ಮತ್ತೆ. ಕೊನೆಗೆ ಐದು ಫೋಟೋಗಳಲ್ಲಿ ಯಾವುದನ್ನೂ ಅಂಟಿಸಲಿಲ್ಲ. ಬ್ರೂಸ್ ಕಾಲದ್ದೇ ಬೆಳ್ಳಿ ಪೆನ್ನಿ ನೋಡಿಕೊಂಡು ತಾನೇ ಪೆನ್ಸಿಲ್‌ನಲ್ಲಿ ಬರೆದ. ಪಕ್ಕಕ್ಕೆ ತಿರುಗಿದ ತಲೆ, ಕಿರೀಟ, ಮುಂದೆ ರಾಜದಂಡ. ಕೆಳಗೆ "ಇದು ಅವನ ಹಾಗಿಲ್ಲದಿರಬಹುದು, ಆದರೆ ಇದನ್ನು ಅವನು ನೋಡಿದ್ದ" ಅಂತ ಇಂಗ್ಲಿಷ್‌ನಲ್ಲಿ ಬರೆದಿದ್ದಾನೆ. ನಾನು ಹೇಳಿಕೊಟ್ಟದ್ದಲ್ಲ.

ಬೆಂಗಳೂರಿಗೆ ವಾಪಸ್ ಹೋಗಿರುವ ಅತ್ತೆಗೆ ಫೋಟೋ ಕಳಿಸಿದೆ. ಈಗಷ್ಟೇ ಉತ್ತರ ಬಂತು: "ಚೆನ್ನಾಗಿದೆ ಪುಟ್ಟ. ಮೂಗು ಸ್ವಲ್ಪ ಸಣ್ಣ ಮಾಡು."